‘ತಿರಸ್ಕರಿಸಿತು’ ಅಂದರೆ ಯಾರು?

ಪ್ರಿಯ ಗೆಳೆಯರೇ,

‘ಕಲೆ, ಚಿಂತನೆ, ಧರ್ಮ: ಆಧುನಿಕತಾವಾದದ ಅರ್ಥ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಕಲೆಯನ್ನೂ ನಂಬಿಕೆಯನ್ನೂ ಹೊಸದಾಗಿ ಕಾಣಲು ಹೊರಟ ಆ ಚಳವಳಿಯ ಬಗ್ಗೆ ತುಂಬಾ ಓದಿಕೊಂಡಿದ್ದೀರಿ. ಭಾಷೆಯೂ ಚೆನ್ನಾಗಿದೆ. ಆದರೆ ಇದು ಹೀಗೇ ಅಚ್ಚಾಗಲು ನಾನು ಒಪ್ಪಲಾರೆ. ಮೊದಲ ವಾಕ್ಯವೇ ಮೂರು ದಿನದಿಂದ ನನ್ನನ್ನು ಚುಚ್ಚುತ್ತಿದೆ:

‘ಆಧುನಿಕತಾವಾದವು ಹಳೆಯದೆಲ್ಲವನ್ನೂ ತಿರಸ್ಕರಿಸಿ ಮನುಷ್ಯನನ್ನು ಬಿಡುಗಡೆಗೊಳಿಸಿತು.’

ಯಾರು ತಿರಸ್ಕರಿಸಿದ್ದು? ವಾದಕ್ಕೆ ಕೈಕಾಲು ಇರುವುದಿಲ್ಲ. ಯಾರೋ ಒಬ್ಬರು, ಯಾವುದೋ ಊರಿನಲ್ಲಿ, ಏನೋ ಒಂದನ್ನು ‘ಇನ್ನು ಸಾಕು’ ಅಂದಿರಬೇಕು, ಅಲ್ವಾ? ನಿಮ್ಮ ಮೊದಲ ಎರಡು ಪುಟದಲ್ಲಿ ಒಬ್ಬ ಮನುಷ್ಯನೂ ಸಿಗಲಿಲ್ಲ.

ಇದು ನನಗೆ ಯಾಕೆ ಇಷ್ಟು ತಾಗುತ್ತದೆ ಅಂದರೆ, ನಾನೂ ಹೀಗೇ ಬರೆಯುತ್ತಿದ್ದೆ. ಕನ್ನಡದ ಆಧುನಿಕತಾವಾದಿ ಸಾಹಿತ್ಯವಾದ ನವ್ಯದ ಬಗ್ಗೆ ನನ್ನ ಮೊದಲ ಲೇಖನವನ್ನು ಒಬ್ಬ ಹಿರಿಯ ಸಂಪಾದಕರಿಗೆ ಕೊಟ್ಟಿದ್ದೆ. ಅವರು ಏನೂ ಮಾತಾಡದೆ ಹಾಳೆಗಳನ್ನು ವಾಪಸ್ ಕೊಟ್ಟರು. ‘ಉಂಟಾಯಿತು’, ‘ನಿರಾಕರಿಸಲ್ಪಟ್ಟಿತು’ ಎಂದು ಬಂದ ಕಡೆಯಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಒಂದೇ ಪದ: ‘ಯಾರು?’ ನಾಲ್ಕು ಪುಟದಲ್ಲಿ ಹದಿನೇಳು ಸಲ. ಸಿಟ್ಟು ಬಂತು. ಊರಿಗೆ ಹೋಗುವ ಬಸ್ಸಿನಲ್ಲಿ ಕೂತು ಒಂದೊಂದಕ್ಕೂ ಉತ್ತರ ಹುಡುಕಿದೆ. ಮೂರಕ್ಕೆ ಮಾತ್ರ ಸಿಕ್ಕಿತು. ಉಳಿದ ಹದಿನಾಲ್ಕು ವಾಕ್ಯ ನಾನು ಸುಮ್ನೆ ಬರೆದಿದ್ದೆ.

‘ಹಳೆಯದೆಲ್ಲವನ್ನೂ’ ಎಂಬ ಪದಕ್ಕೆ ಬನ್ನಿ. ಪಿಕಾಸೊ 1907ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ಐವರು ಹೆಂಗಸರ ಚಿತ್ರವನ್ನು ನೀವೇ ಹೆಸರಿಸಿದ್ದೀರಿ. ಅದನ್ನು ನಿಧಾನವಾಗಿ ನೋಡಿ. ಬಲಗಡೆಯ ಇಬ್ಬರ ಮುಖ ಆಫ್ರಿಕಾದ ಮುಖವಾಡದ ಹಾಗಿದೆ. ನಡುವಿನ ಇಬ್ಬರ ದೊಡ್ಡ ಕಣ್ಣುಗಳಿಗೆ ಪ್ರೇರಣೆ ಸ್ಪೇನಿನ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ತಲೆಗಳು. ಒಂದೇ ಕಡೆ ನಿಂತು ಕಂಡ ಹಾಗೆ ಬರೆಯಬೇಕು ಎಂಬ ಯುರೋಪಿನ ರೂಢಿಯನ್ನು ಪಿಕಾಸೊ ಮುರಿದರು, ನಿಜ. ಮುರಿಯುವಾಗ ಇನ್ನೂ ಹಳೆಯದೊಂದನ್ನು ಕೈಯಲ್ಲಿ ಹಿಡಿದಿದ್ದರು.

ನಮ್ಮ ಗೋಪಾಲಕೃಷ್ಣ ಅಡಿಗರ 1954ರ ಸಂಕಲನದ ಹೆಸರನ್ನೂ ಬರೆದಿದ್ದೀರಿ. ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿ: ‘ಚಂಡೆ ಮದ್ದಳೆ’. ಕುಂದಾಪುರದ ಕಡೆಯ ಮೊಗೇರಿಯಲ್ಲಿ ಹುಟ್ಟಿದ ಕವಿ ಹೊಸ ಕಾವ್ಯಕ್ಕೆ ಯಕ್ಷಗಾನದ ವಾದ್ಯಗಳ ಹೆಸರಿಟ್ಟರು. ಹಳೆಯದೆಲ್ಲ ಬೇಡ ಅನ್ನುವವರು ಹಾಗೆ ಮಾಡುತ್ತಾರಾ?

ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ‘ಬಿಡುಗಡೆ’ಯಿಂದ. ಪಿಕಾಸೊ ಆ ಚಿತ್ರ ಬರೆದ ವರ್ಷವೇ, ಸೆಪ್ಟೆಂಬರಿನಲ್ಲಿ, ಪೋಪ್ ಹತ್ತನೆಯ ಪಿಯುಸ್ ಕ್ಯಾಥೊಲಿಕ್ ಚರ್ಚಿನೊಳಗಿನ ಆಧುನಿಕತಾವಾದವನ್ನು ಖಂಡಿಸಿ ಸುತ್ತೋಲೆ ಹೊರಡಿಸಿದರು. ಅದನ್ನು ನೀವು ಒಂದು ಸಾಲಿನಲ್ಲಿ ಮುಗಿಸಿ, ಜಾರ್ಜ್ ಟಿರೆಲ್ ‘ಚರ್ಚಿನಿಂದ ಬಿಡುಗಡೆ ಪಡೆದರು’ ಎಂದು ಬರೆದಿದ್ದೀರಿ. ಆತ ಐರ್ಲೆಂಡಿನವರು, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಯಾಗಿದ್ದವರು. ನಂಬಿಕೆಯನ್ನು ತಮ್ಮ ಕಾಲದ ಮಾತಿನಲ್ಲಿ ಮತ್ತೆ ಹೇಳಬೇಕು ಎಂದು ಹೊರಟಿದ್ದರು. 1906ರಲ್ಲಿ ಜೆಸ್ವಿಟರು ಅವರನ್ನು ಹೊರಹಾಕಿದರು. ಮರುವರ್ಷ ಆ ಸುತ್ತೋಲೆಯನ್ನು ಪತ್ರಿಕೆಯಲ್ಲಿ ಟೀಕಿಸಿದ್ದಕ್ಕೆ ಪ್ರಸಾದ ಸ್ವೀಕರಿಸುವ ಹಕ್ಕೂ ಹೋಯಿತು. 1909ರಲ್ಲಿ ಇಂಗ್ಲೆಂಡಿನ ಸ್ಟಾರಿಂಗ್ಟನ್ನಿನಲ್ಲಿ ತೀರಿಕೊಂಡಾಗ ಕ್ಯಾಥೊಲಿಕ್ ವಿಧಿಯ ಮಣ್ಣೂ ಸಿಗಲಿಲ್ಲ. ಆಂಗ್ಲಿಕನ್ನರ, ಅಂದರೆ ಇಂಗ್ಲೆಂಡಿನದೇ ಬೇರೆ ಚರ್ಚಿನವರ, ಸ್ಮಶಾನದಲ್ಲಿ ಹೂಳಬೇಕಾಯಿತು. ಗೋರಿಯ ಹತ್ತಿರ ಪ್ರಾರ್ಥನೆ ಹೇಳಿದ ಗೆಳೆಯ, ಪಾದ್ರಿ ಬ್ರೆಮೊಂಡ್ ಅವರ ಮೇಲೂ ಚರ್ಚು ಕ್ರಮ ಕೈಗೊಂಡಿತು.

ಟಿರೆಲ್ ಮೊದಲೇ ಒಂದು ಮಾತು ಬರೆದಿಟ್ಟಿದ್ದರು. ನನ್ನ ಮೇಲೆ ಕಲ್ಲು ಇಡುವುದಾದರೆ, ನಾನು ಕ್ಯಾಥೊಲಿಕ್ ಪಾದ್ರಿ ಎಂದು ಅದರಲ್ಲಿ ಇರಲಿ, ಪೂಜೆಯ ಪಾತ್ರೆ ಮತ್ತು ರೊಟ್ಟಿಯ ಗುರುತು ಕೆತ್ತಿರಲಿ ಎಂದು.

ಇದನ್ನು ಬಿಡುಗಡೆ ಅನ್ನುತ್ತೀರಾ? ಅವರು ಹೊರಗೆ ಹೋಗಲು ಬಯಸಿದವರೇ ಅಲ್ಲ.

ಪಿಕಾಸೊ, ಅಡಿಗ ಇಬ್ಬರನ್ನೂ ಆಮೇಲೆ ತನ್ನಿ. ಮೊದಲು ಈ ಕಲ್ಲಿನ ಹತ್ತಿರ ನಿಂತು ಲೇಖನ ಶುರುಮಾಡಿ. ಒಂದು ತಿಂಗಳು ತಗೊಳ್ಳಿ, ನಾನು ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ