ಸ್ಲೈಡ್ ವೆಬ್‌ಗೆ ಹಾಕಿದರೆ ಕನ್ನಡ ಯಾಕೆ ಕೆಡುತ್ತದೆ?

ಪ್ರಶ್ನೆ: ಮಸ್ಕಿಯ ಅಶೋಕನ ಶಾಸನದ ಬಗ್ಗೆ ಮಕ್ಕಳಿಗಾಗಿ 22 ಸ್ಲೈಡ್ ಮಾಡಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಗೂಗಲ್ ಸ್ಲೈಡ್ಸ್‌ಗೆ ಏರಿಸಿ ವೆಬ್ ಪುಟವಾಗಿ ಪ್ರಕಟಿಸಿದರೆ ಬರೀ ಚಿಹ್ನೆಗಳು. ಪ್ರತಿ ಸ್ಲೈಡನ್ನೂ ಫೋಟೊ ಮಾಡಿ ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ. ಸರಿಯೇ?
– ಶಿಕ್ಷಕಿ, ರಾಯಚೂರು ಜಿಲ್ಲೆ

ಉತ್ತರ: ಬೇಡ, ದಯವಿಟ್ಟು ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಯಾರೋ ಫೋಟೊ ಮಾಡಿಕೊಟ್ಟು ದುಡ್ಡು ಇಸಿದುಕೊಂಡಿರುತ್ತಾರೆ. ಸಿಟ್ಟು ಬರುತ್ತದೆ.

ನೀವು ಕಳಿಸಿದ ಕೊಂಡಿ ತೆರೆದು ನೋಡಿದೆ. 'ಕನ್ನಡ' ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು ಸಾಲಾಗಿ ನಿಂತಿವೆ. ಶಾಸನ ಸಿಕ್ಕ ವರ್ಷ 1915 ಮಾತ್ರ ಹಾಗೇ ಉಳಿದಿದೆ. ಅಂದರೆ ನೀವು ಟೈಪ್ ಮಾಡಿದ್ದು ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಆಸ್ಕಿ ಫಾಂಟಿನಲ್ಲಿ. ಅದು ಫೈಲಿನೊಳಗೆ ಕನ್ನಡವನ್ನು ಇಡುವುದೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೇ ಕನ್ನಡದ ವೇಷ ಹಾಕುತ್ತದೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಸುಮ್ನೆ ಫಾಂಟ್ ಬದಲಿಸಿದರೆ ಸರಿಹೋಗುತ್ತದೆ ಅನ್ನುವುದು ಸುಳ್ಳು. ಓದುವವರೇ ನುಡಿ ಹಾಕಿಕೊಳ್ಳಲಿ ಅನ್ನುವುದು ಇನ್ನೂ ದೊಡ್ಡ ತಪ್ಪು. ಅಪ್ಪನ ಫೋನ್ ಹಿಡಿದು ಕೂತ ಮಗು ಏನು ಮಾಡಬೇಕು?

ಫೋಟೊ ಮಾಡಿದರೆ ಕಣ್ಣಿಗೆ ಸರಿ ಕಾಣುತ್ತದೆ, ನಿಜ. ಆದರೆ ಮಸ್ಕಿ ಶಾಸನದ ಹೆಚ್ಚುಗಾರಿಕೆಯೇ ಅದರಲ್ಲಿ ಅಶೋಕನ ಹೆಸರಿರುವುದು. ನಿಮ್ಮ ಫೋಟೊ ಪುಟದಲ್ಲಿ 'ಅಶೋಕ' ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ. ಕಣ್ಣು ಕಾಣದ ಮಕ್ಕಳಿಗೆ ಓದಿ ಹೇಳುವ ತಂತ್ರಾಂಶ 'ಚಿತ್ರ' ಅಂದು ಮುಂದೆ ಹೋಗುತ್ತದೆ.

ನುಡಿ, ಅಂಥದೇ ಇನ್ನೊಂದು ತಂತ್ರಾಂಶ 'ಬರಹ' ಎರಡರಲ್ಲೂ ಆಸ್ಕಿಯಿಂದ, ಕನ್ನಡವನ್ನು ಕನ್ನಡವಾಗಿಯೇ ಇಡುವ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ. ಅದನ್ನು ಬಳಸಿ. ನಡುವಿನ ಇಂಗ್ಲಿಷ್ ಪದಗಳನ್ನು ಮೊದಲೇ ಬೇರೆ ತೆಗೆದಿಡಿ, ಇಲ್ಲದಿದ್ದರೆ ಅವೂ ಕನ್ನಡವೆಂದು ಕಲಸಿಹೋಗುತ್ತವೆ. ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಿ. 'ಮೌರ್ಯ', 'ಧರ್ಮ' ನಿಮ್ಮ ಪಾಠದ ತುಂಬ ಇವೆ. ಆಮೇಲೆ ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಡಿ. ಸಾಲುಗಳ ನಡುವೆ ಜಾಗ ಸ್ವಲ್ಪ ಜಾಸ್ತಿ ಇರಲಿ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು. ಕೊನೆಗೆ ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಅಲ್ಲಿಯವರೆಗೆ ಮಕ್ಕಳಿಗೆ ಕಳಿಸಬೇಡಿ.

ಪ್ರಶ್ನೆ: ಪವರ್‌ಪಾಯಿಂಟ್‌ನಲ್ಲಿದ್ದ 'ಸೇವ್ ಆ್ಯಸ್ ವೆಬ್ ಪೇಜ್' ಎಲ್ಲಿ ಹೋಯಿತು?
– ಗಂಗಾವತಿ

ಉತ್ತರ: 2010ರ ಆವೃತ್ತಿಯಲ್ಲೇ ಮೆನುವಿನಿಂದ ತೆಗೆದರು. ಹುಡುಕುವುದು ಬಿಡಿ.

ಪ್ರಶ್ನೆ: ಅಕ್ಷರಗಳು ತಿರುಗುತ್ತಾ ಬರುವ ಅನಿಮೇಶನ್ ವೆಬ್‌ನಲ್ಲೂ ಬೇಕು.
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಬೇಡ. ಓದಲು ಬಂದವರನ್ನು ಕಾಯಿಸಬೇಡಿ.

ಪ್ರಶ್ನೆ: ವೆಬ್‌ಗೆ ಪ್ರಕಟಿಸಿದ ಕೊಂಡಿ ನಮ್ಮ ತರಗತಿಯವರಿಗೆ ಮಾತ್ರ ಕಾಣುತ್ತದೆ, ಅಲ್ವಾ? ಅದರಲ್ಲಿ ಅಂಕಪಟ್ಟಿಯೂ ಇದೆ.
– ಕೊಪ್ಪಳ

ಉತ್ತರ: ಅಲ್ಲ. ಕೊಂಡಿ ಕೈಗೆ ಸಿಕ್ಕ ಯಾರು ಬೇಕಾದರೂ ನೋಡಬಹುದು. ಮಕ್ಕಳ ಹೆಸರು, ಅಂಕ, ಫೋಟೊ ಇರುವ ಸ್ಲೈಡನ್ನು ನಾನಂತೂ ಯಾವತ್ತೂ ಪ್ರಕಟಿಸುವುದಿಲ್ಲ. ಪವರ್‌ಪಾಯಿಂಟ್ ಫೈಲನ್ನೇ ಹಂಚಿದರೆ ಸ್ಪೀಕರ್ ನೋಟ್ಸ್ (ಸ್ಲೈಡಿನ ಕೆಳಗೆ ನಿಮಗಾಗಿ ಬರೆದುಕೊಂಡ ಟಿಪ್ಪಣಿ) ಕೂಡ ಜೊತೆಗೇ ಹೋಗುತ್ತದೆ. ಗೂಗಲ್ ಸ್ಲೈಡ್ಸ್ ಆದರೆ, ಫೈಲ್ ಮೆನುವಿನ 'ಶೇರ್' ಒಳಗೆ 'ಪಬ್ಲಿಶ್ ಟು ವೆಬ್' ತೆರೆದರೆ 'ಸ್ಟಾಪ್ ಪಬ್ಲಿಶಿಂಗ್' ಅಂತ ಒಂದು ಗುಂಡಿ ಇದೆ. ಈಗಲೇ ಒತ್ತಿ.