ತಾರಸಿಯ ಪವರ್ ಪಾಯಿಂಟ್‌ಗೇ ಸೋಲಾರ್ ಜೋಡಿಸಬಹುದೇ?

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮದು ಎರಡು ಅಂತಸ್ತಿನ ಮನೆ. 3 ಕಿಲೋವ್ಯಾಟ್ ಸೋಲಾರ್ ಹಾಕಿಸುತ್ತಿದ್ದೇವೆ. ತಾರಸಿಯಲ್ಲಿ ವಾಷಿಂಗ್ ಮೆಷಿನ್‌ಗೆ ಪವರ್ ಪಾಯಿಂಟ್ ಇದೆ. ಸೋಲಾರನ್ನು ಅದಕ್ಕೇ ಕೊಟ್ಟರೆ ಕೆಳಗಿನವರೆಗೆ ಕೇಬಲ್ ಎಳೆಯುವ ಖರ್ಚು ಉಳಿಯುತ್ತದೆ ಅಂತಾರೆ ನಮ್ಮ ಎಲೆಕ್ಟ್ರಿಷಿಯನ್. ಸರಿಯೇ? ಕರೆಂಟ್ ಹೋದಾಗ ಸೋಲಾರ್‌ನಿಂದ ಮನೆ ನಡೆಯುತ್ತದೆಯೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸೋಲಾರ್ ಇನ್ವರ್ಟರ್‌ನಿಂದ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ) ಬೇರೆಯೇ ಕೇಬಲ್ ಕೆಳಗಿಳಿದು, ತನ್ನದೇ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನಾಗಿ ಆಫ್ ಆಗುವ ಸ್ವಿಚ್) ಮೂಲಕ ಮೇನ್ ಬೋರ್ಡ್ ಸೇರಬೇಕು.

ಕಾರಣ ಹೇಳುತ್ತೇನೆ. ನಿಮ್ಮ ಪವರ್ ಪಾಯಿಂಟ್‌ಗೆ ಸಾಮಾನ್ಯವಾಗಿ 2.5 ಸ್ಕ್ವೇರ್ ಎಂಎಂ ವೈರ್, ಕೆಳಗೆ 16 ಆಂಪ್ ಎಂಸಿಬಿ ಇರುತ್ತದೆ. ವೈರ್‌ನಲ್ಲಿ ಜಾಸ್ತಿ ಕರೆಂಟ್ ಹರಿದರೆ ಎಂಸಿಬಿ ಬೀಳುತ್ತದೆ. ಈಗ ಮೇಲಿನಿಂದ ಸೋಲಾರ್ ಕೂಡ ಸುಮಾರು 13 ಆಂಪ್ ತಳ್ಳುತ್ತದೆ ಅಂದುಕೊಳ್ಳಿ. ಆ ಪಾಯಿಂಟ್‌ನಿಂದ ಪಕ್ಕದ ಗೀಸರ್‌ಗೋ ಇನ್ನೊಂದು ಪಾಯಿಂಟ್‌ಗೋ ವೈರ್ ಮುಂದುವರಿದಿದ್ದರೆ, ಕೆಳಗಿನ 14, ಮೇಲಿನ 13 ಸೇರಿ ಆ ತುಂಡಿನಲ್ಲಿ 27 ಆಂಪ್ ಹರಿಯಬಹುದು. ಎಂಸಿಬಿಗೆ ಕಾಣುವುದು 14 ಮಾತ್ರ. ಅದು ಸುಮ್ನೆ ಇರುತ್ತದೆ, ಗೋಡೆಯೊಳಗೆ ವೈರ್ ಬಿಸಿಯಾಗುತ್ತಾ ಹೋಗುತ್ತದೆ.

ಇನ್ನೊಂದು ಅಪಾಯ ಬೆಂಗಳೂರಿನ ಮನೆಗಳಲ್ಲಿ ಜಾಸ್ತಿ. ಇಲ್ಲಿ ಬಹಳ ಕಡೆ ಯುಪಿಎಸ್ ಇದೆ, ಅದರ ಲೈನ್ ತಾರಸಿಯವರೆಗೂ ಹೋಗಿರುತ್ತದೆ. ಗೊತ್ತಿಲ್ಲದೆ ಸೋಲಾರನ್ನು ಆ ಲೈನಿಗೆ ಜೋಡಿಸಿದರೆ, ಕರೆಂಟ್ ಹೋದಾಗ ಯುಪಿಎಸ್ ಕೊಡುವ ಕರೆಂಟನ್ನೇ ಸೋಲಾರ್ ಇನ್ವರ್ಟರ್ ಬೆಸ್ಕಾಂ ಕರೆಂಟ್ ಅಂದುಕೊಳ್ಳಬಹುದು. ಆಗ ಯುಪಿಎಸ್ ಒಳಗೇ ಕರೆಂಟ್ ನುಗ್ಗಿಸಿ ಅದನ್ನು ಸುಟ್ಟುಹಾಕಬಹುದು.

ಎರಡನೇ ಪ್ರಶ್ನೆ. ಬ್ಯಾಟರಿ ಇಲ್ಲದ ಸಾಮಾನ್ಯ ಆನ್‌ಗ್ರಿಡ್ (ಬೆಸ್ಕಾಂ ಲೈನಿನ ಜೊತೆಗೇ ನಡೆಯುವ) ಇನ್ವರ್ಟರ್ ಆದರೆ, ಎಷ್ಟೇ ಬಿಸಿಲಿದ್ದರೂ ಕರೆಂಟ್ ಹೋದ ಕೂಡಲೇ ಅದೂ ನಿಲ್ಲುತ್ತದೆ. ಬೇಸರ ಆಗುತ್ತದೆ, ನಿಜ. ಆದರೆ ಮಳೆಗೆ ಮರ ಬಿದ್ದು ತಂತಿ ಹರಿದಾಗ ಲೈನ್‌ಮನ್ ಕಂಬ ಹತ್ತಿರುತ್ತಾರೆ. ನಿಮ್ಮ ತಾರಸಿಯಿಂದ ಆ ತಂತಿಗೆ ಕರೆಂಟ್ ಹೋದರೆ ಅವರ ಜೀವಕ್ಕೇ ಕುತ್ತು, ಅಲ್ವಾ? ಕರೆಂಟ್ ಹೋದಾಗಲೂ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ತೆಗೆದುಕೊಳ್ಳಿ. ಅದು ಮೊದಲು ಮನೆಯನ್ನು ಹೊರಗಿನ ಲೈನಿನಿಂದ ಬೇರೆ ಮಾಡಿ, ಆಮೇಲೆ ಕರೆಂಟ್ ಕೊಡುತ್ತದೆ.

ಪ್ಯಾನೆಲ್ ಕಡೆಯ ವೈರನ್ನು ನೀವಾಗಿ ಮುಟ್ಟಬೇಡಿ. ಆರು ದೊಡ್ಡ ಪ್ಯಾನೆಲ್ ಸಾಲಾಗಿ ಜೋಡಿಸಿದರೆ ಸುಮಾರು 300 ವೋಲ್ಟ್ ಡಿಸಿ ಬರುತ್ತದೆ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಹಾಗಾಗಿ ಕಿಡಿ ಬೇಗ ಆರುತ್ತದೆ. ಡಿಸಿಯಲ್ಲಿ ಆ ಬಿಡುವೇ ಇಲ್ಲ. ಹರಿಯುತ್ತಿರುವಾಗ ಕನೆಕ್ಟರ್ ಕಿತ್ತರೆ ಕಿಡಿ ಉರಿಯುತ್ತಲೇ ಇರಬಹುದು. ಡಿಸಿಗೆಂದೇ ಮಾಡಿದ ಸ್ವಿಚ್ ಇರಲೇಬೇಕು.

ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ನೋಂದಾಯಿತ ಕಂಪನಿಯಿಂದಲೇ ಹಾಕಿಸಬೇಕು. ಕೇಬಲ್ ಖರ್ಚಿನಲ್ಲಿ ಉಳಿಸಲು ಹೋಗಬೇಡಿ. ಒಳಗೆ ಬಂದ ಕರೆಂಟ್, ನೀವು ಹೊರಗೆ ಕೊಟ್ಟ ಕರೆಂಟ್ ಎರಡನ್ನೂ ಬೇರೆಬೇರೆಯಾಗಿ ಅಳೆಯುವ ಮೀಟರನ್ನು ಬೆಸ್ಕಾಂ ಕೂರಿಸುವವರೆಗೆ ಚಾಲೂ ಮಾಡಬೇಡಿ. ಕೆಲವು ಹಳೇ ಮೀಟರ್‌ಗಳು ನೀವು ಹೊರಗೆ ಕೊಟ್ಟ ಯೂನಿಟ್ಟನ್ನೂ ಬಳಕೆ ಅಂತಲೇ ಲೆಕ್ಕ ಹಾಕುತ್ತವೆ.

ಕೆಲಸ ಮುಗಿದ ಮೇಲೆ, 'ಇಲ್ಲಿಗೆ ಎರಡು ಕಡೆಯಿಂದ ಕರೆಂಟ್ ಬರುತ್ತದೆ' ಎಂದು ದಪ್ಪ ಅಕ್ಷರದಲ್ಲಿ ಬರೆದು ಮೇನ್ ಬೋರ್ಡ್ ಮೇಲೆ ಅಂಟಿಸಿ. ನಾಳೆ ರಿಪೇರಿಗೆ ಬರುವ ಎಲೆಕ್ಟ್ರಿಷಿಯನ್‌ಗೆ ಅದು ಮೊದಲು ಕಾಣಬೇಕು.