11 ನಿಮಿಷ ತಡವಾಗಿ ಬಂದ್ರೂ ಅದು ಲೈವಾ?

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ನಾಸಾದ ಪರ್ಸಿವರೆನ್ಸ್ ರೋವರ್ ಗಾಡಿ ಮಂಗಳ ಗ್ರಹದಲ್ಲಿ ಇಳಿದ ದಿನದ ಲೈವ್ ವಿಡಿಯೋನ ಮೊನ್ನೆ ಮೊಬೈಲಲ್ಲಿ ಹಾಕ್ಕೊಂಡು ನೋಡ್ತಿದ್ಲು, ನಾನೂ ಪಕ್ಕದಲ್ಲಿ ಕೂತೆ. ಅಲ್ಲಿಂದ ಸಿಗ್ನಲ್ ಬರೋಕೇ 11 ನಿಮಿಷ ಬೇಕಂತೆ, ಹಾಗಿದ್ರೆ ಅದು ಲೈವ್ ಹ್ಯಾಗಾಯ್ತು ಅಂತ ಕೇಳಿದ್ಲು, ನಂಗೆ ಹೇಳೋಕೆ ಬರ್ಲಿಲ್ಲ. ಅಷ್ಟೆಲ್ಲ ಜನ ಕಂಪ್ಯೂಟರ್ ಮುಂದೆ ಕೂತು ಎಂತ ಮಾಡ್ತಿದ್ರು? ಪ್ಯಾರಾಚೂಟ್ ಇದ್ಮೇಲೂ ಹಗ್ಗ ಕಟ್ಟಿ ಇಳ್ಸಿದ್ದು ಎಂತಕ್ಕೆ?
– ಓದುಗರೊಬ್ಬರು, ಕುಮಟಾ

ಉತ್ತರ: ಅಕ್ಕಾ, ನಿಮ್ಮ ಮಗಳು ಕೇಳಿದ್ದು ಭಾರೀ ಚಲೋ ಪ್ರಶ್ನೆ. ಅವತ್ತು ರಾತ್ರಿ ಕಾರವಾರದ ಮನೇಲಿ ನಾನೂ ಎದ್ದು ಕೂತಿದ್ದೆ, 2021ರ ಫೆಬ್ರವರಿ 19, ನಮ್ಮ ಟೈಮಲ್ಲಿ ಬೆಳಗಿನ ಜಾವ 2 ಗಂಟೆ 25 ನಿಮಿಷಕ್ಕೆ ಸುದ್ದಿ ಬಂದಿದ್ದು, ಅಮೆರಿಕದಲ್ಲಿ ಇನ್ನೂ 18ನೇ ತಾರೀಕು.

ಮೊದಲು ಲೆಕ್ಕ ನೋಡಿ. ಆ ದಿನ ಮಂಗಳ ನಮ್ಮಿಂದ ಸುಮಾರು 20 ಕೋಟಿ ಕಿಲೋಮೀಟರ್ ದೂರ ಇತ್ತು. ರೇಡಿಯೋ ಸಿಗ್ನಲ್ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡತ್ತೆ, ಆದ್ರೂ ಇಲ್ಲಿಗೆ ಮುಟ್ಟೋಕೆ 11 ನಿಮಿಷದ ಮೇಲೆ ಬೇಕು. ಆದ್ರೆ ಅಲ್ಲಿನ ಗಾಳಿ ಹೊಕ್ಕಲ್ಲಿಂದ ನೆಲ ಮುಟ್ಟೋ ತನಕ ಆಗೋದು ಬರೀ 7 ನಿಮಿಷ. ಅಂದ್ರೆ "ಈಗ ಗಾಳಿ ಹೊಕ್ತು" ಅನ್ನೋ ಸುದ್ದಿ ನಮಗೆ ಸಿಗೋ ಹೊತ್ತಿಗೆ ರೋವರ್ ನೆಲಕ್ಕೆ ಬಂದು 4 ನಿಮಿಷ ದಾಟಿಹೋಗಿದೆ, ಒಂದೋ ಚಕ್ರದ ಮೇಲೆ ನಿಂತಿದೆ, ಇಲ್ಲಾ ಪುಡಿಪುಡಿ ಆಗಿದೆ. ಯಾವುದು ಅಂತ ಗೊತ್ತಿಲ್ದೇ ನಾವೆಲ್ಲ ಉಸಿರು ಬಿಗಿಹಿಡ್ಕೊಂಡು ಕೂತಿರ್ತೇವೆ.

ಆದ್ರೂ ನನ್ನ ಕೇಳಿದ್ರೆ ಅದು ಲೈವೇ. ಯಾಕಂದ್ರೆ ಆ ಸುದ್ದಿನ ಸಿಗ್ನಲ್‌ಗಿಂತ ಮುಂಚೆ ತಂದುಕೊಡೋಕೆ ಈ ಜಗತ್ತಲ್ಲಿ ಯಾವ ದಾರಿಯೂ ಇಲ್ಲ. ರೋವರ್ ಕಟ್ಟಿದ ಇಂಜಿನಿಯರಿಗೂ ಗೊತ್ತಿರ್ಲಿಲ್ಲ, ನಾಸಾ ಮುಖ್ಯಸ್ಥರಿಗೂ ಗೊತ್ತಿರ್ಲಿಲ್ಲ, ಎಲ್ರಿಗೂ ಗೊತ್ತಾಗಿದ್ದು ಅದೇ ಹೊತ್ತಿಗೆ, ಮೊಬೈಲಲ್ಲಿ ನೋಡೋ ನಮಗೆ ಇಂಟರ್ನೆಟ್ಟಿಂದ ಒಂದಷ್ಟು ಸೆಕೆಂಡು ತಡ ಆಗಿರಬಹುದು, ಅಷ್ಟೇ. ಇದನ್ನ ಮಗಳಿಗೆ ಸರಿಯಾಗಿ ಹೇಳಿ ಅಕ್ಕಾ, ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆಗೋದು ಇದೇ.

ಇನ್ನು ಅಲ್ಲಿ ಕೂತೋರು ಎಂತ ಮಾಡ್ತಿದ್ರು ಅಂದ್ರೆ, ಕಾಯ್ತಿದ್ರು. ಬ್ರೇಕ್ ಹಾಕು ಅಂತ ಇಲ್ಲಿಂದ ಹೇಳಿದ್ರೆ ಆ ಮಾತು ಅಲ್ಲಿಗೆ ಮುಟ್ಟೋಕೆ ಮತ್ತೆ 11 ನಿಮಿಷ, ಅಷ್ಟರಲ್ಲಿ ಕೆಲಸ ಮುಗಿದೇಹೋಗಿರತ್ತೆ. ಹಾಗಾಗಿ ಕಲಿಸೋದೆಲ್ಲ ಮುಂಚೆನೇ ಕಲಿಸಿ ಕಳಿಸಿರ್ತಾರೆ, ಇಳಿಯೋವಾಗ ಕೆಳಗಿನ ನೆಲದ ಫೋಟೋ ತೆಗೆದು ತನ್ನ ಹತ್ರ ಇರೋ ಮ್ಯಾಪ್ ಜೊತೆ ಹೋಲ್ಸಿ ನೋಡಿ, ಬಂಡೆ ಇಲ್ಲದ ಜಾಗನ ಆ ಯಂತ್ರನೇ ಆರಿಸ್ಕೊಂಡಿತು. ನಮ್ಮ ಚಂದ್ರಯಾನ-3 ಕೂಡ 2023ರ ಆಗಸ್ಟ್ 23ರ ಸಂಜೆ ಹೀಗೇ ತನ್ನಷ್ಟಕ್ಕೇ ಇಳಿದಿದ್ದು, ಚಂದ್ರನಿಂದ ಸಿಗ್ನಲ್ ಬರೋಕೆ ಒಂದೂಕಾಲು ಸೆಕೆಂಡು ಸಾಕು ಅನ್ನೋದೊಂದೇ ವ್ಯತ್ಯಾಸ. ಆ ಕೋಣೇಲಿ ಶೇಂಗಾ ತಿನ್ನೋ ಪದ್ಧತಿನೂ ಉಂಟು, 1964ರಲ್ಲಿ ರೇಂಜರ್-7 ಅನ್ನೋ ನೌಕೆ ಚಂದ್ರನ ಹತ್ರ ಹೋದಾಗಿಂದ ಬಂದಿದ್ದು, ಅದಕ್ಕಿಂತ ಮುಂಚಿನ ಆರೂ ರೇಂಜರ್‌ಗಳು ಫೇಲ್ ಆಗಿದ್ವು, ಶೇಂಗಾ ತಿಂದ ಸಲ ಗೆದ್ರು, ಆಮೇಲೆ ಬಿಡ್ಲೇ ಇಲ್ಲ.

ಬೈತಖೋಲ ಬಂದರದಲ್ಲಿ ಕಾದವರಿಗೆ ಇದು ಬೇಗ ಅರ್ಥ ಆಗತ್ತೆ. ನಮ್ಮ ಅಪ್ಪ ಬೋಟಿಗೆ ಹೋಗ್ತಿದ್ರು, ಆಗ ಮೊಬೈಲ್ ಇರ್ಲಿಲ್ಲ, ಗಾಳಿ ಎದ್ದ ದಿನ ಅಮ್ಮ ಖಾಲಿ ಮೀನು ಬುಟ್ಟಿ ಮಗುಚಿಟ್ಟು ಅದರ ಮೇಲೇ ಕೂತ್ಕೊಂಡು ಕತ್ತಲಲ್ಲಿ ದೀಪ ಕಾಣತ್ತಾ ಅಂತ ನೋಡ್ತಿದ್ಲು, ಬಂದವರನ್ನೆಲ್ಲ "ನಮ್ಮದು ಮುಟ್ತಾ?" ಅಂತ ಕೇಳ್ತಿದ್ಲು. ಅವತ್ತು ರಾತ್ರಿ ನಾನು ಮೊಬೈಲ್ ಹಿಡ್ಕೊಂಡು ಕೂತಿದ್ದಾಗ ನೀರು ಕುಡಿಯೋಕೆ ಎದ್ದು ಬಂದ ಅಮ್ಮ, ವಿಷಯ ಕೇಳಿ, ಅದೇ ಮಾತು ಕೇಳಿದ್ಲು, "ಮುಟ್ತಾ?" ಇನ್ನೂ ಇಲ್ಲ ಅಂದೆ. ಮಲಗೋಕೆ ಹೋಗ್ಲಿಲ್ಲ, ಪಕ್ಕದಲ್ಲೇ ಕೂತ್ಳು. ನಾಸಾದ ಇಂಜಿನಿಯರ್ ಸ್ವಾತಿ ಮೋಹನ್, ಬೆಂಗಳೂರಲ್ಲಿ ಹುಟ್ಟಿದವರು, ಹಣೆಗೆ ಬಿಂದಿ ಇಟ್ಕೊಂಡು, ಕೊರೊನಾ ಟೈಮಲ್ವಾ, ಮಾಸ್ಕ್ ಹಾಕ್ಕೊಂಡು ಟಚ್‌ಡೌನ್ ಆಯ್ತು ಅಂತ ಹೇಳಿದಾಗ ಅಮ್ಮನಿಗೆ ಇಂಗ್ಲಿಷ್ ಬರದಿದ್ರೂ ಅಲ್ಲಿದ್ದೋರೆಲ್ಲ ಎದ್ದು ಕೈ ಎತ್ತಿದ್ದು ನೋಡಿ "ಮುಟ್ತು" ಅಂದ್ಳು.

ಹಗ್ಗದ ವಿಷಯ. ಮಂಗಳದಲ್ಲಿ ಗಾಳಿ ನಮ್ಮಲ್ಲಿಯ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಗಂಟೆಗೆ ಸುಮಾರು 19,500 ಕಿಲೋಮೀಟರ್ ವೇಗದಲ್ಲಿ ಬಂದಿದ್ದಕ್ಕೆ ಬಿಸಿ ತಡೆಯೋ ಕವಚ ಬೇಕು, ಆಮೇಲೆ 21.5 ಮೀಟರ್ ಅಗಲದ ಪ್ಯಾರಾಚೂಟ್ ಬಿಚ್ಚಿದ್ರೂ ವೇಗ 300 ಕಿಲೋಮೀಟರಿಗಿಂತ ಕಮ್ಮಿ ಆಗಲ್ಲ. ಅದಕ್ಕೇ ಕೊನೆಗೆ ರಾಕೆಟ್ ಹೊತ್ತಿಸಬೇಕು. ಆದ್ರೆ ರಾಕೆಟ್ ನೆಲದ ತೀರಾ ಹತ್ರ ಉರಿದ್ರೆ ಮಣ್ಣು ಕಲ್ಲು ಎಲ್ಲ ಎದ್ದು ರೋವರ್‌ಗೇ ಬಡಿಯತ್ತೆ, ಗುಂಡಿನೂ ಬೀಳಬಹುದು. ಮುಂಚಿನ ಸಣ್ಣ ರೋವರ್‌ಗಳನ್ನ ಗಾಳಿಚೀಲದಲ್ಲಿ ಸುತ್ತಿ ಚೆಂಡಿನ ಹಾಗೆ ಪುಟಿಸಿ ಇಳ್ಸಿದ್ರು, ಇದು ಒಂದು ಟನ್ ಮೇಲೆ ಭಾರ, ಚೀಲ ತಡೆಯಲ್ಲ. ಅದಕ್ಕೆ ರಾಕೆಟ್ಟಿನ ಭಾಗ ಸುಮಾರು 20 ಮೀಟರ್ ಮೇಲೆ ಬಂದಾಗ ರೋವರನ್ನ ನೈಲಾನ್ ಹಗ್ಗದಲ್ಲಿ ಕೆಳಗೆ ಬಿಡತ್ತೆ, ಬಾವಿಗೆ ಕೊಡ ಬಿಟ್ಟ ಹಾಗೆ. ಚಕ್ರ ನೆಲ ಮುಟ್ಟಿದ ಕೂಡ್ಲೇ ಹಗ್ಗ ಕತ್ತರಿಸ್ಕೊಂಡು ಮೇಲಿಂದು ದೂರ ಹಾರಿಹೋಗಿ ಬೀಳತ್ತೆ. ನೆಲ ಮುಟ್ಟೋವಾಗಿನ ವೇಗ ನಾವು ನಿಧಾನ ನಡೆಯೋಷ್ಟೂ ಇಲ್ಲ.

ಅವತ್ತು ಲೈವಲ್ಲಿ ಇಳಿಯೋದು ಕಾಣ್ಲಿಲ್ಲ, ಬರೀ ಅಂಕಿ, ಆನಿಮೇಷನ್, ಮಾಸ್ಕ್ ಹಾಕಿದ ಮುಖಗಳು, ಆಮೇಲೆ ಧೂಳು ಕೂತ ಒಂದು ಮಸುಕು ಫೋಟೋ. ರೋವರ್ ಮೇಲೆ, ಅದನ್ನ ಇಳ್ಸಿದ ಭಾಗಗಳ ಮೇಲೆ ಇದ್ದ ಕ್ಯಾಮೆರಾಗಳು ತೆಗೆದ ನಿಜವಾದ ವಿಡಿಯೋ ಬಂದಿದ್ದು ಫೆಬ್ರವರಿ 22ಕ್ಕೆ. ಅದನ್ನ ಮಗಳಿಗೆ ಖಂಡಿತ ತೋರ್ಸಿ, ಕವಚ ಕಳಚಿ ಬಿಲ್ಲೆ ಹಾಗೆ ಸಣ್ಣ ಆಗ್ತಾ ಕೆಳಗೆ ಬೀಳತ್ತೆ, ಕೊನೇಲಿ ಧೂಳು ನಾಲ್ಕೂ ಕಡೆ ಹರಡತ್ತೆ.

ಇನ್ನೊಂದು ಮಾತು, ನೀವು ಕುಮಟಾದವರು ಅಂತ ಹೇಳ್ತಾ ಇದ್ದೇನೆ. ರೋವರ್ ಇಳಿದ ಜೆಜೆರೋ ಕುಳಿ 45 ಕಿಲೋಮೀಟರ್ ಅಗಲ, 350 ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಕೆರೆ ಇತ್ತು, ಹೊಳೆ ಬಂದು ಆ ಕೆರೆಗೆ ಸೇರೋ ಜಾಗದಲ್ಲಿ ಕೆಸರು ಪದರ ಪದರವಾಗಿ ಕೂತಿದೆ, ಹಿಂದೆ ಜೀವ ಇತ್ತಾ ಅಂತ ಹುಡುಕೋಕೆ ಅದೇ ಜಾಗ ಆರಿಸಿದ್ದು. ಒಂದು ರಜೆ ದಿನ ಸಮುದ್ರದ ನೀರು ಇಳಿಯೋ ಹೊತ್ತು ನೋಡ್ಕೊಂಡು ಮಗಳನ್ನ ಅಘನಾಶಿನಿ ಅಳಿವೆ ಹತ್ರ ಕರ್ಕೊಂಡು ಹೋಗಿ, ಬಳಚು ಚಿಪ್ಪು ತೆಗೆಯೋರು ಕೆಸರು ಕೆದಕಿದಲ್ಲಿ ಹೊಳೆ ತಂದು ಹಾಕಿದ್ದು ಹೇಗೆ ಕೂತಿದೆ ಅಂತ ತೋರ್ಸಿ. ಅವಳಿಗೆ ಮತ್ತೆ ಪ್ರಶ್ನೆ ಬಂದ್ರೆ ಈ ಸಲ ಅವಳ ಕೈಲೇ ಬರೆಸಿ ಕಳ್ಸಿ.